ಸಾಕ್ಷಿಗೆ ಪಕ್ಕದವನು

"ಪಕ್ಕದವನ ಹತ್ರ ಸಾಕ್ಷಿ ಹಾಕಿಸ್ಕೊಳ್ರಪ್ಪ, ಬೇಗ ಬೇಗ" ಎಂದು ಅವತ್ತು ಗದರಿದ್ದು ಹೆಡ್ ಕ್ಲರ್ಕೇ. ಗಡಿಗೆ ಹೊರಡುವ ಮುಂಚೆ ಪ್ರತಿಯೊಬ್ಬ ಸೈನಿಕನೂ ಉಯಿಲು ಬರೆದಿಡಬೇಕು, ಅದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಮುನ್ನೂರು ಜನ, ಒಂದೇ ಬೆಳಿಗ್ಗೆ. ಯಾರಿಗಿದೆ ಪುರುಸೊತ್ತು? ಡ್ರೈವರ್ ತನ್ನ ಉಯಿಲಿಗೆ ಅಡುಗೆಯವನಿಂದ ಒಂದು, ವೈರ್‌ಲೆಸ್‌ನವನಿಂದ ಒಂದು ಸಹಿ ಹಾಕಿಸಿಕೊಂಡ. ಆ ಮೂವರು ಊಟಕ್ಕೂ ಜೊತೆ, ಜಗಳಕ್ಕೂ ಜೊತೆ. ಟ್ರಕ್ಕು ಕಮರಿಗೆ ಉರುಳಿದಾಗಲೂ ಜೊತೆಗೇ ಇದ್ದರು.

ಇಪ್ಪತ್ತಾರು ವರ್ಷ ಸರ್ವೀಸು ಮಾಡಿದವನ ತಲೆಗೆ ಇಷ್ಟು ಹೊಳೆಯಬಾರದೆ? ಒಂದೇ ಗಾಡಿ ಹತ್ತುವವರನ್ನು ಒಬ್ಬರಿಗೊಬ್ಬರು ಸಾಕ್ಷಿ ಮಾಡಿ ಕೂರಿಸಿದ್ದ. ಎಂಟು ತಿಂಗಳಿಂದ ಹೆಡ್ ಕ್ಲರ್ಕನಿಗೆ ಅನ್ನ ಸೇರುತ್ತಿರಲಿಲ್ಲ.

ಡ್ರೈವರನ ಉಯಿಲಿನಲ್ಲಿ ಇದ್ದದ್ದು ಒಂದೇ ಮಾತು: ಮನೆ ನನ್ನ ಮಗಳಿಗೆ ಸೇರಬೇಕು. ಮಗಳೆಂದರೆ ಸ್ವಂತ ಮಗಳಲ್ಲ, ತೀರಿಹೋದ ಹೆಂಡತಿಯ ಮೊದಲ ಮದುವೆಯ ಕೂಸು. ಅದಕ್ಕೆ ಜಡೆ ಹಾಕಿ ಶಾಲೆಗೆ ಬಿಟ್ಟು ಬರುತ್ತಿದ್ದವನು ಇವನೇ. ಸಾಕ್ಷಿ ಹೇಳುವವರಿಲ್ಲದೆ ಉಯಿಲು ನಿಲ್ಲದಿದ್ದರೆ ಮನೆ ಡ್ರೈವರನ ಅಣ್ಣನ ಪಾಲು. ಆ ಪುಣ್ಯಾತ್ಮ ಆಗಲೇ ಬಂದು, ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂದು ನೋಡಿಕೊಂಡು ಹೋಗಿದ್ದ. ಹತ್ತು ವರ್ಷದ ಹುಡುಗಿ ತಾಯಿ ಕಡೆಯ ಅಜ್ಜಿಯ ಜೊತೆ ಬೀದಿಪಾಲಾಗಬೇಕಿತ್ತು.

"ಸತ್ತ ಸಾಕ್ಷಿಯ ಮನೆಯವರು ಯಾರಾದ್ರೂ ಸಹಿ ಗುರುತಿಸಿ ಬರ್ಕೊಡ್ಲಿ. ಒಬ್ಬರಾದ್ರೂ ಸಾಕು. ಕಚೇರಿಯವರ ಮಾತು ನಡೆಯಲ್ಲ" ಎಂದಿದ್ದರು ವಕೀಲರು. ವೈರ್‌ಲೆಸ್‌ನವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಉಳಿದವಳು ಅಡುಗೆಯವನ ತಾಯಿ ಒಬ್ಬಳೇ.

ಆಕೆಯೋ, ಮಗ ಸತ್ತನೆಂದು ಒಪ್ಪಿಯೇ ಇರಲಿಲ್ಲ. ಹೆಣದ ಪೆಟ್ಟಿಗೆ ಮೊಳೆ ಹೊಡೆಸಿಕೊಂಡೇ ಬಂದಿತ್ತು, ತೆರೆಯಲು ಯಾರೂ ಬಿಟ್ಟಿರಲಿಲ್ಲ. ಒಳಗಿದ್ದವನು ಯಾರ ಮಗನೋ ಎನ್ನುತ್ತಿದ್ದಳು. ಕಾಗದ ಹಿಡಿದು ಬಂದವರನ್ನೆಲ್ಲ ಬಾಗಿಲಿನಿಂದಲೇ ಕಳಿಸಿದ್ದಳು.

ಹೆಡ್ ಕ್ಲರ್ಕನನ್ನು ಮಾತ್ರ, ಮಗನ ಕಚೇರಿಯವನೆಂದು ಅಡುಗೆಮನೆಗೇ ಕರೆದಳು. ಹಿಂದೆಯೇ ವಕೀಲರೂ ನುಸುಳಿದರು. ಸುಲಿಯುತ್ತಿದ್ದ ಬಟಾಣಿಯನ್ನು ಪಕ್ಕಕ್ಕೆ ಸರಿಸಿ ಉಯಿಲಿನ ಕಾಗದ ನೋಡಿದ್ದೇ ತಡ, ಆಕೆಯ ಮುಖ ಅರಳಿತು.

"ಕೊನೇಲಿ ಬಾಲ ಎಳೆದಿದಾನೆ ನೋಡಿ. ನಮ್ಮವನದೇ. ಎಷ್ಟು ಬೈದ್ರೂ ಬಿಡ್ತಿರಲಿಲ್ಲ."

ವಕೀಲರು ತಾವು ಬರೆದು ತಂದಿದ್ದ ಹೇಳಿಕೆ ಓದಿದರು. "ಇದು ತೀರಿಹೋದ ನನ್ನ ಮಗನ ಸಹಿ…"

"ಆ ಮಾತು ತೆಗೀರಿ" ಎಂದಳು ತಾಯಿ.

"ತೆಗೆದ್ರೆ ಆಗಲ್ಲಮ್ಮ. ಬದುಕಿದ್ರೆ ಅವನೇ ಬಂದು ಹೇಳ್ಬೇಕಾಗುತ್ತೆ."

"ಬಂದಾಗ ಹೇಳ್ತಾನೆ."

ಹೆಡ್ ಕ್ಲರ್ಕ್ ಹುಡುಗಿಯ ವಿಷಯ ಹೇಳಿದ, ಅಣ್ಣನ ವಿಷಯ ಹೇಳಿದ, ತನ್ನ ತಪ್ಪನ್ನೂ ಹೇಳಿಕೊಂಡ. ಆಕೆ ಎಲ್ಲ ಕೇಳಿಸಿಕೊಂಡಳು. ಮಗನ ಸಹಿಯ ಮೇಲೆ ಬೆರಳಾಡಿಸಿದಳು.

"ನೀವು ನೋಡಿದ್ರಾ ಅವನನ್ನ?"

ಅಲ್ಲಿಯವರೆಗೆ ಹೆಡ್ ಕ್ಲರ್ಕ್ ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚೆ ಮೂವರ ಗುರುತು ಹೇಳಿ ರಿಜಿಸ್ಟರಿಗೆ ಬರೆದವನು ಅವನೇ. ತಾಯಂದಿರು ನೋಡುವಂತಿಲ್ಲ, ಮೊಳೆ ಹೊಡೆಯಿರಿ ಎಂದವನೂ ಅವನೇ.

"ನೋಡಿದೆ ಅಮ್ಮ. ನಾನೇ ಗುರುತು ಹಿಡಿದದ್ದು. ಅವನೇ."

ಆಕೆ ಅಳಲಿಲ್ಲ. ಅತ್ತದ್ದು ಅವನು, ಪರರ ಅಡುಗೆಮನೆಯಲ್ಲಿ, ಐವತ್ತು ದಾಟಿದ ಗಂಡಸು.

"ಅವತ್ತೇ ಒಂದು ಮಾತು ಹೇಳ್ಬಾರದಿತ್ತೇನಪ್ಪ?" ಎಂದಳು ಆಕೆ. "ಎಂಟು ತಿಂಗಳಿಂದ ಬಾಗಿಲಿಗೆ ಚಿಲಕ ಹಾಕದೇ ಮಲಗ್ತಿದೀನಿ."

ಸೆರಗಿಗೆ ಬೆರಳೊರೆಸಿಕೊಂಡು ಪೆನ್ನು ಕೇಳಿದಳು. ವಕೀಲರು ತೋರಿಸಿದಲ್ಲಿ, ಅಕ್ಷರ ಅಕ್ಷರ ಕೂಡಿಸಿ ಹೆಸರು ಬರೆದಳು.

ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದಿದ್ದರು. ನಡುಮಧ್ಯಾಹ್ನ, ಸುಡುಬಿಸಿಲು. ಹಿಂದಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.