ಹಿಂಭಾರ

ಇಂಜಿನ್ನಿನ ಮೇಲೆ ಕೈಯಿಟ್ಟರೆ ಸಾಕು, ಓಬಳಪ್ಪನಿಗೆ ಅದರ ರೋಗ ತಿಳಿಯುತ್ತದೆ ಎಂದು ಹಿಂದೂಪುರದ ಬಸ್ಸಿನವರೆಲ್ಲ ಹೇಳುತ್ತಿದ್ದರು. ಹೇಳುವವರು ಹೇಳಲಿ, ಅವನೂ ಅದನ್ನು ನಂಬಿಬಿಟ್ಟಿದ್ದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ದೊಡ್ಡ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಕಲ್ಯಾಣದುರ್ಗದ ಕಡಲೆಕಾಯಿ ಮಂಡಿಯ ತಿಪ್ಪೇರುದ್ರಪ್ಪನವರ ಮಗ ಮರುಳಪ್ಪ ಮದರಾಸಿನಿಂದ ಒಂದು ಹಳೇ ರೇಸ್ ಕಾರು ತಂದಿದ್ದ. ಇಬ್ಬರೇ ಕೂರುವಂಥದ್ದು, ಮೇಲೆ ಮುಚ್ಚಳವಿಲ್ಲ. ನೋಡಲು ಲಕ್ಷಣವಾಗಿತ್ತು, ಆದರೆ ಏರು ಬಂದರೆ ಸಾಕು, ಸವೆದ ಇಂಜಿನ್ ಉಬ್ಬಸ ಪಡುತ್ತಿತ್ತು. ಮಿಲಿಟರಿಯವರು ಹರಾಜಿಗಿಟ್ಟ ಲಾರಿಯ ದೊಡ್ಡ ಇಂಜಿನ್ನೊಂದನ್ನು ಮರುಳಪ್ಪ ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದು ಓಬಳಪ್ಪನ ಗ್ಯಾರೇಜಿನ ಮುಂದೆ ಇಳಿಸಿದ. ಇದನ್ನು ಅದರೊಳಗೆ ಕೂರಿಸಲು ಆಗುತ್ತದೆಯೇ ಎಂದು ಕೇಳಿದ.

ಓಬಳಪ್ಪ ಎರಡು ದಿನ ಹುರಿ ಹಿಡಿದು ಅಳೆದ. ಬಾನೆಟ್ ಕತ್ತರಿಸಬೇಕು, ರೇಡಿಯೇಟರ್ ಮುಂದಕ್ಕೆ ಸರಿಸಬೇಕು, ಅಡಿಯಲ್ಲಿ ಹೊಸ ಅಡ್ಡಪಟ್ಟಿ ಹಾಕಬೇಕು. ಅಷ್ಟಾದರೆ ಕೂರುತ್ತದೆ ಎನ್ನಿಸಿತು. ಅದೇ ಗ್ಯಾರೇಜಿನಲ್ಲಿ ಚಕ್ರ, ಬ್ರೇಕಿನ ಕೆಲಸ ನೋಡಿಕೊಳ್ಳುತ್ತಿದ್ದ ತಮ್ಮ ಶ್ರೀರಾಮಪ್ಪ ಮಾತ್ರ ಒಪ್ಪಲಿಲ್ಲ.

"ಕೂರ್ತದೆ ಕಣಣ್ಣ, ಇಲ್ಲ ಅನ್ನಲ್ಲ. ಓಡೋದೂ ಓಡ್ತದೆ. ನಿಲ್ಸೋದು ಹೆಂಗೆ? ಮೂತಿ ಭಾರ ಆಗೋಯ್ತದೆ, ಬ್ರೇಕ್ ಒತ್ತುದ್ರೆ ಹಿಂದಿನ್ ಚಕ್ರ ನೆಲ ಹಿಡಿಯಲ್ಲ. ಬ್ಯಾಡ ಅಂದ್ಬುಡು."

ತಮ್ಮ ಹೇಳಿದ್ದು ಸರಿ ಎಂದು ಓಬಳಪ್ಪನಿಗೂ ಒಳಗೊಳಗೇ ಗೊತ್ತಿತ್ತು. ಬೇಡವೆನ್ನಲೆಂದೇ ಅವನು ಮರುಳಪ್ಪನ ಬಳಿ ಹೋದದ್ದು. ಆದರೆ ಮರುಳಪ್ಪ ಬಲು ಸಲೀಸಾಗಿ, ನಿನ್ನ ಕೈಲಾಗದಿದ್ದರೆ ಬಿಡು, ಬೆಂಗಳೂರಿನವರು ಮಾಡಿಕೊಡುತ್ತೇವೆ ಅಂದಿದ್ದಾರೆ ಎಂದ. ಆ ಒಂದು ಮಾತು ಓಬಳಪ್ಪನ ಮೈಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಒಪ್ಪಿಕೊಂಡು ಬಂದ.

ಕೆಲಸ ಒಂದೂವರೆ ತಿಂಗಳು ಹಿಡಿಯಿತು. ಅದು ಮುಗಿಯುವ ಹೊತ್ತಿಗೆ ಶ್ರೀರಾಮಪ್ಪ ಹೆಂಡತಿಯ ತವರಿನಲ್ಲಿ ಮದುವೆಯೆಂದು ಬ್ರಹ್ಮಸಮುದ್ರಕ್ಕೆ ಹೋಗಿದ್ದ. ಓಬಳಪ್ಪ ಒಬ್ಬನೇ ಕಾರನ್ನು ಪೆನುಕೊಂಡದ ರಸ್ತೆಗೆ ಹತ್ತಿಸಿದ. ಇಂಜಿನ್ ಹುಲಿಯಂತೆ ಎಳೆಯಿತು. ಸೋಮಂದೇಪಲ್ಲಿಯ ಆಚೆ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಹಿಂಭಾಗ ರೊಯ್ಯನೆ ತಿರುಗಿ ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಓಬಳಪ್ಪ ಇಳಿದು ಹುಣಸೆಮರದ ಕೆಳಗೆ ಕೂತು ಬೆವರೊರೆಸಿಕೊಂಡ.

ಅವನ ಅಪ್ಪ ಬಾಡಿಗೆ ಗಾಡಿ ಹೊಡೆದವನು. ಗಾಡಿ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತಿದರೆ ಎರಡು ಮೂಟೆ ಹಿಂದಕ್ಕೆ ಸರಿಸುತ್ತಿದ್ದ. ಓಬಳಪ್ಪನೂ ಅದನ್ನೇ ಮಾಡಿದ. ಮರುಳಪ್ಪ ನೋಡಿಕೊಳ್ಳುತ್ತಿದ್ದ ಹಿಂದೂಪುರದ ಗೋದಾಮಿನಿಂದ ಎರಡು ಮೂಟೆ ಕಡಲೆಬೀಜ ತರಿಸಿ ಸೀಟಿನ ಹಿಂದೆ ಹಗ್ಗ ಹಾಕಿ ಬಿಗಿದ. ಕಾರು ಆಮೇಲೆ ನೆಟ್ಟಗೆ ನಿಂತಿತು. ಮೂಟೆಯ ಜಾಗಕ್ಕೆ ಕಬ್ಬಿಣದ ಹಲಗೆ ಬರಲು ಎಂಟು ದಿನ ಬೇಕು, ಅಲ್ಲಿಯವರೆಗೆ ಕಾರು ತೆಗೆಯಬೇಡಿ, ತೆಗೆದರೂ ಮೂಟೆ ಮಾತ್ರ ಇಳಿಸಬೇಡಿ ಎಂದು ಮರುಳಪ್ಪನಿಗೆ ಹೇಳಿದ. ಎಂಟು ದಿನ ಕಾಯುವ ಜಾಯಮಾನ ಮರುಳಪ್ಪನದಲ್ಲ. ನಾಳೆಯೇ ಕಲ್ಯಾಣದುರ್ಗಕ್ಕೆ ಹೋಗಿ ಅಪ್ಪನಿಗೆ ತೋರಿಸಬೇಕೆಂದ. ಹೊಸ ಇಂಜಿನ್, ಜೊತೆಗೆ ಕೆಲಸ ಬಲ್ಲವರೊಬ್ಬರು ಬೇಕೆಂದ. ಓಬಳಪ್ಪನ ಕೈಯಲ್ಲಿ ಬಸ್ಸಿನ ಕೆಲಸವಿತ್ತು. ಅಷ್ಟರಲ್ಲಿ ಮದುವೆ ಮುಗಿಸಿ ಬಂದಿದ್ದ ಶ್ರೀರಾಮಪ್ಪನನ್ನು ಕಳಿಸುವುದೆಂದಾಯಿತು.

ಬೆಳಿಗ್ಗೆ ಶ್ರೀರಾಮಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ. ಮೂಟೆಗಳನ್ನು ತಟ್ಟಿ ನೋಡಿ, ಇದೇನಣ್ಣ ಎಂದು ಕೇಳಿದ. ನೀನು ಹೇಳಿದಂತೆಯೇ ಆಯಿತು ಕಣೋ ಎಂದುಬಿಟ್ಟಿದ್ದರೆ ಓಬಳಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ತಮ್ಮನ ಮುಂದೆ ಸೋಲೊಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಬಿತ್ತನೆ ಬೀಜ ಕಣ್ಲಾ. ಸಾವ್ಕಾರ್ರು ಮಂಡಿಗೆ ತಗೊಂಡೋಯ್ತಾವ್ರೆ," ಎಂದ.

ಕಾರು ಕಲ್ಯಾಣದುರ್ಗ ಸೇರಿತು. ಅಲ್ಲಿ ನಡೆದದ್ದನ್ನು ಓಬಳಪ್ಪ ಮಾರನೆಯ ದಿನ ಆಸ್ಪತ್ರೆಯಲ್ಲಿ ಮರುಳಪ್ಪನ ಬಾಯಿಂದಲೇ ಕೇಳಿದ. ಮರುಳಪ್ಪನ ಎರಡೂ ಕಾಲಿಗೆ ಪಟ್ಟಿ ಕಟ್ಟಿದ್ದರು. ತಿಪ್ಪೇರುದ್ರಪ್ಪನವರು ಕಾರು ನೋಡಿ ಹಿಗ್ಗಿದರಂತೆ. ಅಪ್ಪ ಮಗ ಒಳಗೆ ಊಟಕ್ಕೆ ಕೂತರು. ಮಂಡಿಯ ಮುಂದೆ ಯಾವ ಗಾಡಿ ನಿಂತರೂ ಹಮಾಲಿಗಳು ಕೇಳದೆಯೇ ಮೂಟೆಗೆ ಕೈ ಹಾಕುವವರು. ಮೇಸ್ತ್ರಿ ಕರಿಸಿದ್ದಪ್ಪ ಮಾತ್ರ, ರೇಸ್ ಕಾರಿನಲ್ಲಿ ಸರಕು ಬಂದದ್ದು ಇದೇ ಮೊದಲು ಎಂದು ನಕ್ಕು, ಇಳಿಸಬೇಕೋ ಎಂದು ಶ್ರೀರಾಮಪ್ಪನನ್ನು ಕೇಳಿದ. ಶ್ರೀರಾಮಪ್ಪ ಹಗ್ಗ ಬಿಚ್ಚಿ, ತಾನೂ ಹೆಗಲು ಕೊಟ್ಟು ಎರಡೂ ಮೂಟೆ ಇಳಿಸಿದ. ತೂಕ ಹಾಕಿಸಿ ಚೀಟಿಯನ್ನೂ ಇಸಿದುಕೊಂಡ.

"ಈಚೆಗೆ ಬಂದು ಮೂಟೆ ಎಲ್ಲಪ್ಪ ಅಂದೆ. ಒಪ್ಪಿಸ್ಬುಟ್ಟೆ ಅಂದ," ಎಂದು ಮರುಳಪ್ಪ ಸೂರು ನೋಡುತ್ತ ಹೇಳಿದ. "ನಿನ್ನ ತಮ್ಮ ಅಲ್ವಾ, ಕೆಲಸ ಬಲ್ಲೋನು. ಅವನೇ ಇಳಿಸವ್ನೆ ಅಂದ್ಮೇಲೆ ಪರವಾಗಿಲ್ಲ ಅಂತ ಹೊರಟ್ಬುಟ್ಟೆ, ಓಬಳಪ್ಪ."

ವಾಪಸು ಬರುವಾಗ ಪೆನುಕೊಂಡ ದಾಟಿದ ನಂತರದ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು. ಮರುಳಪ್ಪ ಬ್ರೇಕ್ ಒತ್ತಿದ. ಕಾರು ಎರಡು ಸಲ ಗಿರ್ರನೆ ತಿರುಗಿ ಹಳ್ಳಕ್ಕೆ ಮಗುಚಿತು. ಕುರಿ ಒಂದೂ ಸಾಯಲಿಲ್ಲ. ಶ್ರೀರಾಮಪ್ಪ ಅಲ್ಲೇ ಹೋಗಿದ್ದ.

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರೇ ಓಬಳಪ್ಪನಿಗೆ ಸಮಾಧಾನ ಹೇಳಿದರು. ವಿಧಿ ಅಂದರು. ಬಸ್ಸಿನ ಡ್ರೈವರ್ ಮುತ್ಯಾಲಪ್ಪನಂತೂ, ಕಾರು ನುಚ್ಚುನೂರಾದರೂ ನೀನು ಕೂರಿಸಿದ ಇಂಜಿನ್ ಮಾತ್ರ ಒಂದಿಂಚು ಅಲ್ಲಾಡಿಲ್ಲ ಕಣಯ್ಯ ಎಂದ. ಹೊಗಳಿಕೆಯೆಂದೇ ಅವನು ಹೇಳಿದ್ದು. ಓಬಳಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೂರನೆಯ ದಿನ ತಮ್ಮನ ಹೆಂಡತಿ ಶಿವಲಕ್ಷ್ಮಮ್ಮ ಜಗಲಿಗೆ ಬಂದಳು. ಗಂಡನ ಅಂಗಿಯ ಜೇಬಿನಲ್ಲಿ ಸಿಕ್ಕಿದ ತೂಕದ ಚೀಟಿಯನ್ನು ಓಬಳಪ್ಪನ ಮುಂದಿಟ್ಟಳು.

"ಇದು ನಿಮ್ಗೆ ಸೇರ್ಬೇಕಾದ್ದು ಬಾವ. ನೀವು ಹೇಳಿದ್ ಕೆಲಸ ಒಂದನ್ನೂ ಬಿಟ್ಟೋರಲ್ಲ ಅವ್ರು."

ಸುಮ್ಮನಿರಬಹುದಿತ್ತು. ತಪ್ಪಿನಲ್ಲಿ ತನಗೂ ಪಾಲಿದ್ದ ಮರುಳಪ್ಪ ಬಾಯಿ ಬಿಡುವವನಲ್ಲ, ಇನ್ನಾರಿಗೂ ಗೊತ್ತಿರಲಿಲ್ಲ. ಆದರೆ ಓಬಳಪ್ಪನಿಗೆ ಆ ಚೀಟಿಯನ್ನು ಮುಟ್ಟಲಾಗಲಿಲ್ಲ. ತಲೆ ತಗ್ಗಿಸಿ, ಮೂಟೆ ಏತಕ್ಕೆ ಕಟ್ಟಿದ್ದು, ತಾನು ಏನೆಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಅವಳು ನಿಂತೇ ಕೇಳಿದಳು.

"ನಿಜ ಹೇಳಿದ್ರೆ ಅವ್ರು ಇಳಿಸ್ತಿರ್ಲಿಲ್ವಾ ಬಾವ?"

"ಇಲ್ಲ ಕಣಮ್ಮ. ಆ ಕಾರೇ ಹತ್ತುತಿರ್ಲಿಲ್ಲ."

ಒಳಗೆ ನಡುಮನೆಯಲ್ಲಿ ಓಬಳಪ್ಪನ ತಾಯಿ ಮುನಿಯಕ್ಕ, ದೊಡ್ಡವನಾದರೂ ಉಳಿದನಲ್ಲ ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಶಿವಲಕ್ಷ್ಮಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಏಳಿ ಬಾವ. ಈ ಮಾತ್ನ ಅತ್ತೆ ಎದುರ್ಗೂ ನೀವೇ ಹೇಳಿ," ಎಂದಳು.