ಕೈ ಕುಲುಕುವ ಪಾಠ

ಹೊಸ್ತಿಲ ಮೇಲೆ ಯಾರೋ ತುಳಿದು ಹೋದ ಎರೆಮಣ್ಣು, ಒಣಗಿ ಹೆಂಟೆಯಾಗಿದೆ, ಕಸ ಹೊಡೆದಿಲ್ಲ, ಹುಡುಗರ ಕೈಲಿ ಹೊಡೆಸಬಾರದಂತೆ, ಅವರೊಡನೆ ಮಾಸ್ತರನ ಸಂಬಂಧ ಕೆಡುತ್ತದಂತೆ — ಆಹಾ ಸಂಬಂಧ, ಬೀಗರು ನೋಡು, ಎಲೆ ಅಡಿಕೆ ಕೊಟ್ಟು ಒಳಗೆ ಕರೆಯಬೇಕು. ನಿಜಗುಣಪ್ಪ ಮಾಸ್ತರ ನಾಲ್ಕನೇ ಇಯತ್ತೆಯ ಬಾಗಿಲಲ್ಲಿ ನಿಂತು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಒಂದೊಂದು ಕೂಸಿನ ಕೈ ಕುಲುಕಿ ಆರಾಮ ಏನು ಎಂದು ಕೇಳಬೇಕಂತೆ, ಮೂರು ದಿನ ಸವದತ್ತಿಯಲ್ಲಿ ಇದೇ ತರಬೇತಿ, ಮುಂಜಾನೆ ತಣ್ಣಗಾದ ಉಪ್ಪಿಟ್ಟು, ಆಮೇಲೆ ಚಪ್ಪಾಳೆ ಹಾಡು, ಐವತ್ತು ದಾಟಿದ ಮಾಸ್ತರರು ಸುತ್ತುಗಟ್ಟಿ ಮೊಲದ ಹಾಗೆ ಕುಪ್ಪಳಿಸಿದರು, ತಾನೂ ಕುಪ್ಪಳಿಸಿದ, ಸೊಂಟ ಇನ್ನೂ ಹಿಡಿದಿದೆ, ಕುಣಿಸಿದವನು ಯಾರು, ಈ ಗೌರೀಶ, ಇದೇ ಕೋಣೆಯಲ್ಲಿ ಹದಿನೇಳರ ಮಗ್ಗಿ ಬಾರದೆ ಮೂಗು ಸೇದುತ್ತ ನಿಂತವನು, ಈಗ ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ತನಗೇ ಕಲಿಸುತ್ತಾನೆ, ಹುಡುಗ್ರ ಮನಸ್ಸ ಗೆದ್ರ ಪಾಠ ತಾನ ಇಳೀತದರಿ ಸರ, ಇಳಿಯುತ್ತದೆ, ಮೈ ತಡವಿದರೆ ಹಾಲಿನ ಸೊರ ಬಿಡುವುದು ಎಮ್ಮೆ, ಹುಡುಗರಲ್ಲ. ಇವತ್ತು ನೋಡಲಿಕ್ಕೇ ಬಂದಿದ್ದಾನೆ, ಬೇವಿನ ಗಿಡದ ಕೆಳಗೆ ಲೂನಾ ನಿಲ್ಲಿಸಿ, ಬಾಗಿಲ ಬದಿಗೆ ನಿಂತು ವಹಿ ಬಿಚ್ಚಿ, ತರಬೇತಿ ನಾಟಿತೋ ಇಲ್ಲವೋ ಬರೆಯಲು. ನಾಟುವುದಿಲ್ಲ ಎಂದು ಇಂದೇ ಇವನ ಕಣ್ಣೆದುರು ತೋರಿಸಬೇಕು, ಇಪ್ಪತ್ತಾರು ವರ್ಷದ ಮಾಸ್ತರಿಕೆ ಒಬ್ಬ ಪೋರನ ಚಪ್ಪಾಳೆಗೆ ಸೋತರೆ ಇನ್ನೇನು ಉಳಿಯಿತು — ಗಂಟೆ ಹೊಡೆಯಿತು, ಸಾಲು ಬಂತು, ಮುಂದೆ ಫಿರದೋಸ್, ಟೆಂಪೊ ಓಡಿಸುವ ಬುರಾನಸಾಬನ ಮಗಳು, ಶಾಣ್ಯಾ ಹುಡುಗಿ, ಮೂರು ವರ್ಷದಲ್ಲಿ ಇವಳ ಮೇಲೆ ಒಮ್ಮೆಯೂ ಛಡಿ ಎತ್ತಿಲ್ಲ, ಎತ್ತುವ ಪ್ರಸಂಗವೇ ಬಂದಿಲ್ಲ, ನೋಡೋ ಗೌರೀಶ, ಸಂಬಂಧ ಎಂದರೆ ಇದು, ಕುಪ್ಪಳಿಸುವುದಲ್ಲ. ಮಾಸ್ತರ ಬಲಗೈ ಚಾಚಿದ. ಹುಡುಗಿ ಆ ಕೈ ನೋಡಿದಳು, ಮುಖ ನೋಡಿದಳು, ಪಾಟಿಚೀಲ ಕೆಳಗಿಟ್ಟಳು, ಕಣ್ಣು ಬಿಗಿಯಾಗಿ ಮುಚ್ಚಿ ಎಡಗೈ ಮುಂದೆ ಹಿಡಿದಳು, ಅಂಗೈ ಮೇಲೆ ಮಾಡಿ.

ಛಡಿ ಇಲ್ಲವಲ್ಲ ತನ್ನ ಕೈಯಲ್ಲಿ, ಹುಚ್ಚವ್ವ, ಖಾಲಿ ಕೈ ಕಾಣುವುದಿಲ್ಲವೇ — ಹಿಂದೆ ಸಾಲಿನುದ್ದಕ್ಕೂ ಚೀಲಗಳು ಕೆಳಗಿಳಿಯುತ್ತಿವೆ, ಒಬ್ಬರ ಹಿಂದೊಬ್ಬರು ಎಡಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದಾರೆ, ಯಾರೂ ಕೇಳುವುದಿಲ್ಲ ಯಾಕೆ ಎಂದು. ಎಡಗೈ. ತಾನೇ ಹಾಕಿದ ರೂಢಿ, ಬಲಗೈ ಬರಿಯಾಕ ಬೇಕು, ಏಟಿಗೆ ಎಡಗೈ ತಗಿ, ಇಪ್ಪತ್ತಾರು ವರ್ಷ ಹೇಳಿದ ಮಾತು, ಈ ಗೌರೀಶನಿಗೂ ಹೇಳಿದ್ದು, ಉಳಿದ ಮಾಸ್ತರರಿಗಿಲ್ಲದ ಕರುಣೆ ತನ್ನದು ಎಂದು ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಹೇಳಿಕೊಂಡದ್ದು, ಆದರೆ ಇವಳಿಗೆ ಹೇಳಿಯೇ ಇಲ್ಲ, ಇವಳು ಮೊದಲ ಸಾಲಿನಲ್ಲಿ ಕುಳಿತು ನೋಡಿದ್ದಾಳೆ, ಮೂರು ವರ್ಷ, ತನ್ನ ಪಾಳಿ ಎಂದು ಬರುತ್ತದೋ ಎಂದು. ಹೊಡಿಯಂಗಿಲ್ಲವ್ವ ಎಂದರೆ ಸಾಕು, ಒಂದೇ ಮಾತು, ಕಣ್ಣು ಮಾತ್ರ ಗೌರೀಶನ ಕಡೆ ಹೊರಳುತ್ತದೆ, ನಗೋ ಗೌರೀಶ, ಬರಿ, ನಾಟಲಿಲ್ಲ ಅಂತ ಬರಿ, ನೀ ಸೋತಿ. ಅವನು ಬರೆಯಲಿಲ್ಲ. ವಹಿ ಮುಚ್ಚಿ ಮೆಲ್ಲಗೆ, ಹಿಡೀರಿ ಸರ, ಕೂಸು ಕಾಯಾಕ ಹತ್ತೇತಿ, ಎಂದ. ಹಿಡಿಯಬೇಕು, ಚಾಚಿದ ಬಲಗೈ ಗಾಳಿಯಲ್ಲೇ ನಿಂತಿದೆ, ಅದು ತುಸು ಅಲುಗಿದರೆ ಸಾಕು ಅವಳ ರೆಪ್ಪೆ ಇನ್ನಷ್ಟು ಬಿಗಿಯುತ್ತದೆ, ಮುಂದೆ ಒಯ್ದರೂ ಬಿಗಿಯುತ್ತದೆ, ಹಿಂದೆ ತೆಗೆದರೂ ಬಿಗಿಯುತ್ತದೆ, ಮಾಸಿದ ಮದರಂಗಿಯ ಸಣ್ಣ ಅಂಗೈ, ನಡುಗುತ್ತಿಲ್ಲ, ತಯಾರಾಗಿದೆ, ಎಡಗೈ, ಅಂಗೈ ಮೇಲೆ, ಎಡಗೈ —