ಚಿತ್ರಗಳು: ಲೇಖಕರು

ಬೆಳಿಗ್ಗೆ ಐದೂ ಮುಕ್ಕಾಲಿಗೆ ಬಸವಲಿಂಗಪ್ಪ ತೀರಿಕೊಂಡರು. ಏಳಕ್ಕೆ ಅವರ ಮಗಳು ಶಿವರಂಜನಿ, ಆರ್‌ಪಿಸಿ ಲೇಔಟಿನ ಮನೆಯ ಹಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅಪ್ಪನ ಬಲಪಾದಕ್ಕೆ ದಾರ ಹಿಡಿದು ಅಳೆಯುತ್ತಿದ್ದಳು. ಗುಣಿ ತೋಡುವ ಭೈರೇಶ್ ಬಾಗಿಲಲ್ಲಿ ಕಾಯುತ್ತಿದ್ದ.

“ಉದ್ದ ಒಂಬತ್ತು ಅಡಿ, ಅಗಲ ಐದು. ದಾರ ಯಾಕಯ್ಯಾ, ಟೇಪ್ ತಗೊಂಡ್ಹೋಗು,” ಎಂದರು ಚಿಕ್ಕಪ್ಪ ಚನ್ನವೀರೇಶ್.

“ಟೇಪಿನ ಅಡಿ ಅಲ್ಲ ಸಾರ್. ತೀರ್ಕೊಂಡೋರ ಪಾದದಲ್ಲಿ ಒಂಬತ್ತು. ಅಯ್ನೋರು ಹೇಳೋದೂ ಅದನ್ನೇ.”

“ನಮ್ಮಣ್ಣ ಇಂಜಿನಿಯರ್ ಕಣಯ್ಯಾ. ಮಕ್ಕಳಿಗೆ ಅಳತೆ ಬಗ್ಗೆನೇ ಪುಸ್ತಕ ಬರೆದೋರು!”

“ಬರೆದಿರ್ಲಿ ಸಾರ್. ಒಳಗೆ ಕೂರೋರು ಅವರೇ ಅಲ್ವಾ?”

ಪಾದದಿಂದ ಅಳೆಯುವುದು ತಿಳಿಗೇಡಿಗಳ ಪದ್ಧತಿ ಎಂದು ಆ ಪುಸ್ತಕದಲ್ಲೇ ಬರೆದಿತ್ತು. ದಾರ ಒಂಬತ್ತೂವರೆ ಇಂಚು ಬಂತು. ಅಷ್ಟು ದೊಡ್ಡ ಹೆಸರಿಗೆ ಇಷ್ಟು ಸಣ್ಣ ಪಾದ. ಶಿವರಂಜನಿ ದಾರ ಕತ್ತರಿಸಿ ಕೊಟ್ಟಳು.

ಹತ್ತರ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ದಾಯಿತು. ಯಾರೋ ಮುಂದೆ ಅವರು ಮಕ್ಕಳಿಗಾಗಿ ಬರೆದ ಹನ್ನೊಂದು ಪುಸ್ತಕಗಳನ್ನು ಜೋಡಿಸಿದ್ದರು: ಸೇತುವೆ ಕಟ್ಟುವುದು, ಅಣೆಕಟ್ಟು ಕಟ್ಟುವುದು, ಗೋಪುರ ಕಟ್ಟುವುದು. ಮೂವತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ಬಸವಲಿಂಗಪ್ಪ ಖುದ್ದಾಗಿ ಕಟ್ಟಿಸಿದ್ದು ಎರಡು ಮೋರಿ, ಒಂದು ಕಾಂಪೌಂಡು. ಮೋರಿಗಳಲ್ಲಿ ಒಂದು ಈಗಲೂ ಇದೆ.

“ಏನ್ ಚಿತ್ರ ಬರೀತಿದ್ರು! ಕೈಯಲ್ಲೇ ಸ್ಕೇಲಿತ್ತು ಅವರಿಗೆ,” ಎಂದು ಪಕ್ಕದ ಮನೆಯ ನೀಲಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಬಳೆ ಇಟ್ಟು ಗೀಚಿದರೂ ಬಸವಲಿಂಗಪ್ಪನವರ ವೃತ್ತ ಕೂಡುತ್ತಿರಲಿಲ್ಲ.

*

ಮೊದಲ ಪುಸ್ತಕದ ಚಿತ್ರ ಬರೆದಾಗ ಶಿವರಂಜನಿಗೆ ಹದಿನಾಲ್ಕು. ಮನೆ ಕಟ್ಟುವ ಪುಟದಲ್ಲಿ, ಎದುರು ಸೈಟಿನಲ್ಲಿ ಕಂಡಂತೆಯೇ, ತಲೆ ಮೇಲೆ ಬಾಂಡ್ಲಿ ಹೊತ್ತ ಇಬ್ಬರು ಹೆಂಗಸರನ್ನು ಬರೆದಿದ್ದಳು.

“ಇವರ್ಯಾರು?”

“ಗಾರೆ ಕೆಲಸದವರು ಅಪ್ಪಾಜಿ.”

“ಮಕ್ಕಳು ಓದಿ ಇಂಜಿನಿಯರ್ ಆಗ್ಬೇಕು ಕಣೇ, ಬಾಂಡ್ಲಿ ಹೊರೋದಲ್ಲ. ಅಳಿಸು.”

ಅಳಿಸಿದಳು. ಹನ್ನೊಂದು ಪುಸ್ತಕಗಳಲ್ಲಿ ಕೂಲಿಯವರು ಒಬ್ಬರೂ ಇಲ್ಲ. ಹೆಲ್ಮೆಟ್ ಹಾಕಿದ ಗಂಡಸರು ನಕ್ಷೆ ಬಿಚ್ಚಿ ಬೆರಳು ತೋರಿಸುತ್ತಾರೆ. ಅಣೆಕಟ್ಟು ತಾನಾಗಿ ಎದ್ದು ನಿಲ್ಲುತ್ತದೆ.

ಪುಸ್ತಕ ಅಚ್ಚಾಗಿ ಬಂತು. ಒಳಪುಟದಲ್ಲಿ ‘ಚಿತ್ರಗಳು: ಲೇಖಕರು’ ಎಂದಿತ್ತು.

“ನನ್ನ ಹೆಸರು?”

“ಒಂದೇ ಮನೆಯಿಂದ ಎರಡು ಹೆಸರು ಯಾಕೆ?”

ಮುಂದಿನ ಹತ್ತು ಸಲವೂ ಅವಳು ಕೇಳಿದಳು. ಹತ್ತು ಸಲವೂ ಅದೇ ಉತ್ತರ ಬಂತು.

*

ಪ್ರಕಾಶಕ ಪದ್ಮನಾಭ ಹನ್ನೆರಡಕ್ಕೆ ಹಾರ ಹಿಡಿದು ಬಂದ. ಕೈಮುಗಿದವನು ಸೀದಾ ಶಿವರಂಜನಿಯ ಬಳಿ ನಿಂತ.

“ಸುರಂಗದ ಪುಸ್ತಕ ಪ್ರೆಸ್ಸಲ್ಲಿದೆ ಮೇಡಂ. ಸಾರ್ ಅವರ ಕೊನೇ ಪುಸ್ತಕ. ಇಪ್ಪತ್ನಾಲ್ಕು ಚಿತ್ರಾನೂ ನಾಳೆ ಸ್ಕ್ಯಾನಿಂಗಿಗೆ ಹೋಗುತ್ತೆ.”

“ಅವು ನಾನು ಬರೆದಿದ್ದು. ಈ ಸಲ ನನ್ನ ಹೆಸರು ಹಾಕಿ.”

ಪದ್ಮನಾಭ ಹೆಣದ ಕಡೆ ನೋಡಿದ, ಅಪ್ಪಣೆ ಕೇಳುವವನಂತೆ. “ಈಗ ಹಾಕಿದ್ರೆ ಹಿಂದಿನ ಹನ್ನೊಂದರ ಬಗ್ಗೆನೂ ಕೇಳ್ತಾರೆ ಮೇಡಂ. ಸಾರ್ ಮರ್ಯಾದೆ ಪ್ರಶ್ನೆ.”

“ಕೇಳ್ಲಿ.”

“ಹೆಣ ಇನ್ನೂ ಎತ್ತಿಲ್ಲ ಕಣೇ, ನಾಚಿಕೆ ಆಗ್ಬೇಕು ನಿಂಗೆ!” ಎಂದರು ಚಿಕ್ಕಪ್ಪ.

ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ ತಾಯಿ ಜಗದಾಂಬಾ ತಲೆ ಎತ್ತಿದರು. “ಚಿತ್ರ ಅವಳದ್ದೇ. ಇವರಿಗೆ ಬಾಳೆಹಣ್ಣು ಬರೆಯೋಕೂ ಬರ್ತಿರ್ಲಿಲ್ಲ.”

ನೀಲಗಂಗಮ್ಮ ಉಕ್ಕಿದ ನಗುವನ್ನು ಕೆಮ್ಮು ಮಾಡಿಕೊಂಡರು.

“ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದಾರೆ,” ಎಂದ ಪದ್ಮನಾಭ.

ರುದ್ರಭೂಮಿಯಲ್ಲಿ ಚನ್ನವೀರೇಶ್ ಹನ್ನೆರಡು ನಿಮಿಷ ಭಾಷಣ ಮಾಡಿದರು. ಅಕ್ಷರ, ಚಿತ್ರ ಎರಡನ್ನೂ ನಾಡಿಗೆ ಕೊಟ್ಟ ಒಂದೇ ಕೈ ಎಂದು ಅವರು ಹೇಳಿದಾಗ ಪದ್ಮನಾಭ ಚಪ್ಪಾಳೆ ತಟ್ಟಲು ಹೋಗಿ, ಎಲ್ಲಿದ್ದೇನೆಂದು ನೆನಪಾಗಿ ಕೈ ಇಳಿಸಿದ. ಎರಡೂವರೆಗೆ ಗುಣಿ ಮುಚ್ಚಿದರು.

ಸ್ನಾನ ಮಾಡಿದ ಒದ್ದೆ ತಲೆಯಲ್ಲೇ ಶಿವರಂಜನಿ ಆಟೋ ಹತ್ತಿ ಕೆಂಗೇರಿಯ ಪ್ರೆಸ್ಸಿಗೆ ಹೋಗಿ ತನ್ನ ಚಿತ್ರಗಳನ್ನು ವಾಪಸ್ ಕೇಳಿದಳು.

“ಪದ್ಮನಾಭ ಸಾರ್‌ಗೆ ಒಂದ್ಮಾತು ಕೇಳ್ಲಾ?” ಎಂದ ಪ್ರೆಸ್ ನೋಡಿಕೊಳ್ಳುವ ಜೀವನ್.

“ಚಿತ್ರದ ಹಿಂದೆ ಯಾರ ಸೈನ್ ಇದೆ, ನೋಡಿ.”

ಜೀವನ್ ತಿರುಗಿಸಿ ನೋಡಿದ. ಇಪ್ಪತ್ತನಾಲ್ಕನ್ನೂ ಕಟ್ಟಿ ಕೊಟ್ಟ.

ಪುಸ್ತಕ ಜುಲೈಯಲ್ಲಿ ಹೊರಬಂತು. ಚಿತ್ರಗಳಿಗೆಂದು ಬಿಟ್ಟಿದ್ದ ಇಪ್ಪತ್ತನಾಲ್ಕು ಜಾಗಗಳಲ್ಲೂ ಬಸವಲಿಂಗಪ್ಪನವರ ಅದೇ ಒಂದು ಪಾಸ್‌ಪೋರ್ಟ್ ಫೋಟೋ ಇತ್ತು.